ಹನ್ನೊಂದು ಗಂಟೆಗೆ ಮಲಗುವ ಸ್ವಿಚ್

ಭಾವನ ಆಫೀಸಿನ ಪ್ರಿಂಟರ್ ದಿನಾ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಮುಷ್ಕರ ಹೂಡುತ್ತಿತ್ತು. ಒಂಬತ್ತಕ್ಕೆ ಸರಿ ಇರುತ್ತಿತ್ತು. ಊಟ ಮುಗಿಸಿ ಬಂದರೆ ಮತ್ತೆ ಸರಿ. ಹನ್ನೊಂದಕ್ಕೆ ಮಾತ್ರ, ಅದೂ ಜಗಲಿಯಲ್ಲಿ ಹತ್ತು ಜನ ಕಾಯುತ್ತಾ ಕೂತಿರುವಾಗ, ‘ಆಫ್‌ಲೈನ್’.

ಆಫೀಸು ಅಂದರೆ ದೊಡ್ಡದೇನಲ್ಲ. ಕಾಸರಗೋಡಿನ ಪೆರ್ಲದಿಂದ ಸ್ವಲ್ಪ ಒಳಗೆ, ಅಕ್ಕನ ಮನೆಯ ಅಂಗಳದಾಚೆ, ಮೊದಲು ಅಡಿಕೆ ತುಂಬಿಡುತ್ತಿದ್ದ ಹಂಚಿನ ಕಟ್ಟಡ. ಅರ್ಜಿ ತುಂಬುವುದು, ಪ್ರಿಂಟ್ ತೆಗೆಯುವುದು, ಡಿಟಿಪಿ, ಇಷ್ಟೇ ಕೆಲಸ. ಸಾರಡ್ಕ ದಾಟಿದರೆ ಕರ್ನಾಟಕ. ಹಾಗಾಗಿ ಒಬ್ಬರಿಗೆ ಇಲ್ಲಿಯ, ಅಂದರೆ ಕೇರಳದ, ತೀರ್ವೆ (ಭೂಕಂದಾಯ) ರಶೀದಿ ಬೇಕು, ಇನ್ನೊಬ್ಬರಿಗೆ ಆಚೆಯ ಪಹಣಿ ಬೇಕು. ನಾಲ್ಕು ಕಂಪ್ಯೂಟರ್, ಎರಡು ಪ್ರಿಂಟರ್, ಒಂದು ಕ್ಯಾಮೆರಾ ರೆಕಾರ್ಡರ್. ಮನೆಯಲ್ಲಿರುವ ರೌಟರಿನಿಂದ ಬರುವ ಒಂದು ಕೇಬಲ್ಲು. ಎಲ್ಲ ಸೇರುವುದು ಎಂಟು ಪೋರ್ಟಿನ, ಅಂದರೆ ಕೇಬಲ್ ಚುಚ್ಚುವ ಎಂಟು ಬಾಯಿಗಳ, ಒಂದು ಗಿಗಾಬಿಟ್ ನೆಟ್‌ವರ್ಕ್ ಸ್ವಿಚ್ಚಿಗೆ. ಯಂತ್ರಗಳನ್ನು ಒಂದಕ್ಕೊಂದು ಜೋಡಿಸುವ ಪುಟ್ಟ ಪೆಟ್ಟಿಗೆ ಅದು. ಪ್ಲಾಸ್ಟಿಕ್ ಮೈಯ, ಅಗ್ಗದ ಮಾಲು. ತಂದು ಮೂರೂವರೆ ವರ್ಷ ಆಗಿತ್ತು. ಅದನ್ನು ಮರದ ಕಪಾಟಿನೊಳಗೆ ಇಟ್ಟು ಬಾಗಿಲು ಹಾಕಿದ್ದರು, ಧೂಳು ಬೀಳಬಾರದು ಅಂತ.

ಎರಡು ತಿಂಗಳು ನಾವು ಇಂಟರ್ನೆಟ್ಟನ್ನೇ ಬೈದೆವು. ಕಂಪನಿಯವರು ಬಂದು ರೌಟರ್ ಬದಲಿಸಿ ಹೋದರು. ಪ್ರಿಂಟರಿನ ಡ್ರೈವರ್ ಮೂರು ಸಲ ಹಾಕಿದ್ದಾಯ್ತು. ಭಾವ ಫೋನ್ ಮಾಡುವುದು ಒಂದೇ ಧಾಟಿಯಲ್ಲಿ: “ಇವತ್ತು ಸಹ ಹೋಯ್ತು ಮಾರಾಯ. ಎಂತ ಮಾಡುವುದು?”

ಪ್ರಿಂಟರು, ಕಂಪ್ಯೂಟರು ಎರಡೂ ಒಂದೇ ಕೋಣೆಯಲ್ಲಿವೆ. ಅವುಗಳ ಮಧ್ಯೆ ಇಂಟರ್ನೆಟ್ಟಿಗೆ ಏನು ಕೆಲಸ? ಇದು ನನಗೆ ಮೊದಲ ದಿನವೇ ಹೊಳೆಯಬೇಕಿತ್ತು. ಏಪ್ರಿಲ್‌ನಲ್ಲಿ ಒಂದು ದಿನ ಬೆಳಿಗ್ಗೆಯೇ ಹೋಗಿ ಕೂತೆ. ಒಂದು ಕಂಪ್ಯೂಟರಿನಿಂದ ಪ್ರಿಂಟರಿಗೆ ಪಿಂಗ್, ಅಂದರೆ ‘ಇದ್ದೀಯಾ?’ ಅಂತ ಮತ್ತೆ ಮತ್ತೆ ಕೇಳುವ ಕಮಾಂಡ್, ಹಾಕಿ ಬಿಟ್ಟೆ. ಹತ್ತೂವರೆವರೆಗೆ ಒಂದು ಮಿಲಿಸೆಕೆಂಡಿನೊಳಗೆ ಉತ್ತರ ಬರುತ್ತಿತ್ತು. ಆಮೇಲೆ ನಾಲ್ಕು ಸಲ ಉತ್ತರ ಇಲ್ಲ. ಸ್ವಲ್ಪ ಹೊತ್ತು ಸರಿ, ಮತ್ತೆ ಐದಾರು ಸಲ ಇಲ್ಲ. ಕಪಾಟಿನ ಬಾಗಿಲು ತೆಗೆದು ಸ್ವಿಚ್ಚನ್ನೇ ನೋಡುತ್ತಾ ನಿಂತೆ. ಎಂಟೂ ದೀಪ ಒಟ್ಟಿಗೆ ಆರಿದವು, ಒಟ್ಟಿಗೆ ಹೊತ್ತಿದವು, ಆಮೇಲೆ ಒಂದೊಂದಾಗಿ ಮಿನುಗಲು ಶುರು ಮಾಡಿದವು. ಸ್ವಿಚ್ ತನ್ನಷ್ಟಕ್ಕೇ ರೀಸ್ಟಾರ್ಟ್ ಆಗುತ್ತಿದೆ. ಕರೆಂಟು ಹೋಗಿರಲಿಲ್ಲ, ತಲೆ ಮೇಲಿನ ಫ್ಯಾನ್ ತಿರುಗುತ್ತಲೇ ಇತ್ತು.

ಅಡಾಪ್ಟರ್ ಮೇಲೆ 5 ವೋಲ್ಟ್, 1 ಆಂಪಿಯರ್ ಅಂತ ಬರೆದಿತ್ತು. ಬಿಚ್ಚಿ ಮಲ್ಟಿಮೀಟರ್ ಹಿಡಿದರೆ 5.2 ತೋರಿಸಿತು. ಇಲ್ಲೇ ಸುಮಾರು ಜನ ಮೋಸ ಹೋಗುವುದು, ನಾನೂ ಸೇರಿ. ಏನೂ ಹಚ್ಚದೆ ಅಳೆದರೆ ಸಾಯಲು ಬಿದ್ದ ಅಡಾಪ್ಟರ್ ಕೂಡ ಸರಿಯಾದ ಲೆಕ್ಕವನ್ನೇ ಹೇಳುತ್ತದೆ. ಹೊರೆ ಹೊರಿಸಿ ನೋಡಬೇಕು. ವಯರಿನ ಸಿಪ್ಪೆ ಎರಡು ಕಡೆ ಸ್ವಲ್ಪ ಸುಲಿದು, ಸ್ವಿಚ್ ಓಡುತ್ತಿರುವಾಗಲೇ ಅಳೆದೆ. ಒಂದೇ ಕೇಬಲ್ ಇದ್ದಾಗ 5.0. ನಾಲ್ಕು ಹಾಕಿದಾಗ 4.7. ಎಂಟೂ ಹಾಕಿದರೆ 4.4, ಅದೂ ಒಂದು ಕಡೆ ನಿಲ್ಲದೆ ಕುಣಿಯುತ್ತಿತ್ತು. ಮೀಟರನ್ನು ಎಸಿ ಕಡೆಗೆ ತಿರುಗಿಸಿದೆ. ಒಳ್ಳೆಯ ಡಿಸಿಯಲ್ಲಿ ಅಲ್ಲಿ ಹೆಚ್ಚುಕಡಿಮೆ ಸೊನ್ನೆ ಬರಬೇಕು. 0.3 ಬಂತು. ವೋಲ್ಟಿನ ಏರಿಳಿತವನ್ನು ತೆರೆಯ ಮೇಲೆ ತೋರಿಸುವ ಆಸಿಲೋಸ್ಕೋಪ್ ಇಲ್ಲದವರಿಗೆ ಇದು ಬಡವರ ಪರೀಕ್ಷೆ. ಲೆಕ್ಕ ಕರಾರುವಾಕ್ಕಲ್ಲ, ಆದರೆ ರೋಗ ತಿಳಿಯುತ್ತದೆ.

ಹನ್ನೊಂದು ಗಂಟೆಯ ಗುಟ್ಟೂ ಇಲ್ಲೇ ಬಿಚ್ಚಿಕೊಂಡಿತು. ಗಿಗಾಬಿಟ್ ಪೋರ್ಟು ಒಂದೊಂದು ಎದ್ದಂತೆ ಸ್ವಿಚ್ ಎಳೆಯುವ ಕರೆಂಟು ಜಾಸ್ತಿಯಾಗುತ್ತದೆ. ಬೆಳಿಗ್ಗೆ ಭಾವ ಒಬ್ಬರೇ, ಒಂದೇ ಕಂಪ್ಯೂಟರ್. ಹತ್ತೂವರೆಗೆ ಉಳಿದ ಇಬ್ಬರು ಹುಡುಗಿಯರು ಬಸ್ಸಿಳಿದು ಬಂದ ಮೇಲೆ ಎಲ್ಲ ಯಂತ್ರಗಳೂ ಆನ್. ಅಷ್ಟರಲ್ಲಿ ಹಂಚೂ ಕಾದಿರುತ್ತದೆ. ಊಟದ ಹೊತ್ತಿಗೆ ಎಲ್ಲ ಆಫ್ ಮಾಡಿ ಹೋಗುತ್ತಾರೆ. ಪ್ರಿಂಟರ್ ಪಾಪ, ಅದರದ್ದೇನೂ ತಪ್ಪಿರಲಿಲ್ಲ.

ಹೊಸ ಅಡಾಪ್ಟರ್ ತರಿಸಿದೆ. 5 ವೋಲ್ಟೇ, ಆದರೆ 2 ಆಂಪಿಯರಿನದು. ಆಂಪಿಯರ್ ಜಾಸ್ತಿ ಇದ್ದರೆ ತೊಂದರೆ ಇಲ್ಲ, ಸ್ವಿಚ್ ಬೇಕಾದಷ್ಟೇ ಎಳೆದುಕೊಳ್ಳುತ್ತದೆ. ವೋಲ್ಟ್ ಮಾತ್ರ ಅದೇ ಇರಬೇಕು. ಇದನ್ನು ಭಾವನಿಗೆ ಹೇಳಿಯೂ ಇದ್ದೆ. ಹೊಸದು ಬರುವ ಮೊದಲು ಅವರಿಗೆ ತಡೆಯಲಾಗಲಿಲ್ಲ. ಮೂಲೆಯಲ್ಲಿದ್ದ ಐದು ಪೋರ್ಟಿನ ಇನ್ನೊಂದು ಸ್ವಿಚ್ಚಿಗೆ ಹಳೆ ರೌಟರಿನ ಅಡಾಪ್ಟರ್ ಚುಚ್ಚಿದರು. ಪಿನ್ನು ಸರಿಯಾಗಿ ಕೂತಿತು. ಕೂರದೆ ಏನು, 5, 9, 12 ಮೂರಕ್ಕೂ ಒಂದೇ ಗಾತ್ರದ ದುಂಡು ಪಿನ್ ಹಾಕುವ ರೂಢಿ ಇದೆಯಲ್ಲ. ಅದು 12 ವೋಲ್ಟಿನದು. ‘ಟಕ್’ ಅಂತು, ಸುಟ್ಟ ವಾಸನೆ ಬಂತು, ಮುಗಿಯಿತು. “ಒಳಗೆ ಹೋಯ್ತಲ್ಲ, ಹಾಗಾಗಿ ಸರಿ ಅಂದುಕೊಂಡೆ” ಅಂದರು. ಅವತ್ತೇ ಮನೆಯ ಅಷ್ಟೂ ಅಡಾಪ್ಟರುಗಳ ಮೇಲೆ ಬಿಳಿ ಬಣ್ಣದಲ್ಲಿ ದೊಡ್ಡದಾಗಿ ವೋಲ್ಟ್ ಬರೆದಿಟ್ಟೆ.

ಹಳೆಯ ಅಡಾಪ್ಟರನ್ನು ಒಂದು ವಾರ ಹಾಗೇ ಬಿಟ್ಟು ಆಮೇಲೆ ಒಡೆದು ನೋಡಿದೆ. ನೀವು ಒಡೆಯಲೇಬೇಕೆಂದಿಲ್ಲ. ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ (ಕರೆಂಟನ್ನು ಕೂಡಿಟ್ಟು ವೋಲ್ಟನ್ನು ಸಮವಾಗಿಡುವ ಭಾಗ ಅದು) 325 ವೋಲ್ಟಿನಷ್ಟು ಕೂತಿರುತ್ತದೆ, ಪ್ಲಗ್ ತೆಗೆದ ಮೇಲೂ ಸ್ವಲ್ಪ ಹೊತ್ತು ಇರುತ್ತದೆ. ನನ್ನದರಲ್ಲಿ ಔಟ್‌ಪುಟ್ ಕಡೆಯ ಪುಟ್ಟ ಕೆಪಾಸಿಟರಿನ ತಲೆ ಪೂರಿಯ ಹಾಗೆ ಉಬ್ಬಿತ್ತು.

ಆರು ವಾರ ಎಲ್ಲ ಚೆನ್ನಾಗಿ ನಡೆಯಿತು. ನಾನು ಊರಲ್ಲೆಲ್ಲ ದೊಡ್ಡ ಇಂಜಿನಿಯರಿನ ಹಾಗೆ ಓಡಾಡಿದೆ.

ಜೂನ್‌ನಲ್ಲಿ ಮಳೆ ಹಿಡಿಯಿತು. ಕರೆಂಟು ಹೋಗುವುದು ಬರುವುದು ಶುರುವಾಯಿತು. ಈಗ ಹೊಸ ವರಸೆ: ಕರೆಂಟು ಬಂದ ಮೇಲೆ ಸ್ವಿಚ್ ಏಳುವುದೇ ಇಲ್ಲ. ಪವರ್ ದೀಪ ಮಂಕಾಗಿ ಉರಿಯುತ್ತದೆ, ಪೋರ್ಟಿನ ದೀಪಗಳು ಸತ್ತಂತೆ. ಅರ್ಧ ಗಂಟೆ ಬಿಟ್ಟರೆ ತಾನಾಗಿ ಏಳುತ್ತದೆ. ರಾತ್ರಿ ಪೂರ್ತಿ ಕರೆಂಟಿಲ್ಲದಿದ್ದರೆ ಬೆಳಿಗ್ಗೆ ಮುಕ್ಕಾಲು ಗಂಟೆ.

ತಣ್ಣಗಿದ್ದಾಗ ಏಳುವುದಿಲ್ಲ, ಬೆಚ್ಚಗಾದರೆ ಏಳುತ್ತದೆ ಅಂದರೆ ಸಂಶಯ ನೇರ ಕೆಪಾಸಿಟರಿನ ಮೇಲೆ. ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನೊಳಗೆ ದ್ರವ ಇರುತ್ತದೆ. ಅದು ಒಣಗುತ್ತಾ ಬಂದಂತೆ ಒಳಗಿನ ರೋಧ, ಇಎಸ್‌ಆರ್ ಅನ್ನುತ್ತಾರಲ್ಲ, ಅದು ಏರುತ್ತದೆ. ಬಿಸಿಯಾದರೆ ಅದೇ ರೋಧ ಸ್ವಲ್ಪ ಇಳಿಯುತ್ತದೆ. ಅಕ್ಕನ ಹೇರ್ ಡ್ರೈಯರ್ ಕೇಳಿದೆ. “ಅದಕ್ಕೆಂತಕ್ಕೆ ತಲೆ ಒಣಗಿಸುವುದು?” ಅಂತ ಬೈದುಕೊಂಡೇ ಕೊಟ್ಟಳು. ಗಾಳಿಕಂಡಿಗೆ ಹಿಡಿದು ಎರಡು ನಿಮಿಷ ಊದಿದೆ. ಎಂಟೂ ದೀಪ ಎದ್ದವು. ಅಕ್ಕ ಏನೂ ಮಾತಾಡದೆ ಡ್ರೈಯರ್ ವಾಪಸು ತೆಗೆದುಕೊಂಡು ಹೋದಳು.

ಬಿಚ್ಚಲು ಎರಡು ಸ್ಕ್ರೂ, ಅವು ರಬ್ಬರಿನ ಕಾಲುಗಳ ಕೆಳಗೆ ಅಡಗಿದ್ದವು. ಮುಚ್ಚಳ ಎತ್ತಿದೆ. ಮೊದಲು ಕಂಡಿದ್ದು ಬೋರ್ಡ್ ಅಲ್ಲ, ಇರುವೆ. ಗಾಳಿಕಂಡಿಯ ಪಕ್ಕದಲ್ಲೇ ಸಂಸಾರ ಹೂಡಿದ್ದವು. ಮೊಟ್ಟೆಗಳು ಚಿರೋಟಿ ರವೆಯ ಹಾಗೆ ಒಂದು ಮೂಲೆಯಲ್ಲಿ ರಾಶಿ ಬಿದ್ದಿದ್ದವು. ಮಳೆಗಾಲದಲ್ಲಿ ಇಡೀ ಮನೆಯಲ್ಲಿ ಒಣಗಿದ, ಬೆಚ್ಚಗಿನ ಜಾಗ ಅಂದರೆ ಅದೊಂದೇ, ಇರುವೆಗಳನ್ನು ದೂರಿ ಏನು ಫಲ? ಬ್ರಷ್‌ನಿಂದ ಮೆಲ್ಲ ಅಂಗಳಕ್ಕೆ ದಾಟಿಸಿದೆ.

ಬೋರ್ಡ್ ನೋಡಿದರೆ ಇಷ್ಟಕ್ಕೆ ದುಡ್ಡು ಕೊಟ್ಟೆವಾ ಅನಿಸುತ್ತದೆ. ನಡುವೆ ಒಂದು ದೊಡ್ಡ ಚಿಪ್, ಅದರ ತಲೆ ಮೇಲೆ ಅಂಟಿಸಿದ ಅಲ್ಯೂಮಿನಿಯಂ ತುಂಡು. 25 ಮೆಗಾಹರ್ಟ್ಜ್ ಕ್ರಿಸ್ಟಲ್. ಪೋರ್ಟುಗಳ ಹಿಂದೆ ಕಪ್ಪು ಇಟ್ಟಿಗೆಯಂತೆ ಟ್ರಾನ್ಸ್‌ಫಾರ್ಮರುಗಳು. ಪವರ್ ಬರುವ ಮೂಲೆಯಲ್ಲಿ ಪುಟ್ಟ ರೆಗ್ಯುಲೇಟರ್ ಎರಡು: ಒಂದು 3.3 ವೋಲ್ಟ್ ಮಾಡುತ್ತದೆ, ಇನ್ನೊಂದು ಚಿಪ್ಪಿನ ಹೊಟ್ಟೆಗೆ 1 ವೋಲ್ಟಿನಷ್ಟು. ಅವುಗಳ ಮಗ್ಗುಲಲ್ಲೇ ಮೂರು ಎಲೆಕ್ಟ್ರೋಲಿಟಿಕ್ ಕೆಪಾಸಿಟರ್. ಎರಡರ ತಲೆ ಮಟ್ಟಸವಾಗಿತ್ತು. ರೆಗ್ಯುಲೇಟರಿಗೆ ಅಂಟಿಕೊಂಡಂತೆ ಇದ್ದ ಮೂರನೆಯದು ಸ್ವಲ್ಪವೇ ಉಬ್ಬಿತ್ತು. ಕಣ್ಣಿಗಿಂತ ಬೆರಳಿಗೆ ಬೇಗ ತಿಳಿಯುವಷ್ಟು.

ತೆಗೆಯುವುದು ಸುಲಭ ಅಂದುಕೊಂಡಿದ್ದೆ. ಪಾಸಿಟಿವ್ ಕಾಲು ಬೆಣ್ಣೆಯ ಹಾಗೆ ಬಂತು. ನೆಗೆಟಿವ್ ಕಾಲು ಬರಲೊಲ್ಲದು. ಅದು ಬೋರ್ಡಿನ ಅಗಲವಾದ ತಾಮ್ರದ ಹಾಳೆಗೆ ಸೇರಿರುತ್ತದೆ. ನನ್ನ 25 ವಾಟಿನ ಸೋಲ್ಡರಿಂಗ್ ಐರನ್ ಕೊಟ್ಟ ಬಿಸಿಯನ್ನೆಲ್ಲ ಆ ಹಾಳೆಯೇ ನುಂಗಿತು. ಇಂಥಲ್ಲಿ ಎಳೆದಾಡಿದರೆ ಕಾಲಿನ ಜೊತೆ ಬೋರ್ಡಿನ ತಾಮ್ರದ ಪ್ಯಾಡೂ ಕಿತ್ತು ಬರುತ್ತದೆ. ಹಳೆ ಸೋಲ್ಡರಿನ ಮೇಲೆ ಹೊಸ 60/40 (ತವರ-ಸೀಸ) ಸೋಲ್ಡರ್ ಧಾರಾಳವಾಗಿ ಸುರಿದೆ, ಫ್ಲಕ್ಸ್ ಹಚ್ಚಿದೆ, ಕಾದೆ. ಅಷ್ಟರಲ್ಲಿ ಕರೆಂಟು ಹೋಯಿತು. ಚಹಾ ಕುಡಿದು, ಕರೆಂಟು ಬಂದ ಮೇಲೆ ಪಕ್ಕದ ಮನೆಯ ರೇಡಿಯೋ ರಿಪೇರಿ ಮಾಡುವ ಮಾಮನಿಂದ 60 ವಾಟಿನ ಐರನ್ ತಂದೆ. ಮೂರು ಸೆಕೆಂಡಿನಲ್ಲಿ ಕಾಲು ತಾನಾಗಿ ಜಾರಿತು. ಸರಿಯಾದ ಐರನ್ ಇಲ್ಲದೆ ನಾನು ಮುಕ್ಕಾಲು ಗಂಟೆ ಸುಮ್ನೆ ಹಾಳು ಮಾಡಿದ್ದೆ.

ಕಾಂಪೊನೆಂಟ್ ಟೆಸ್ಟರಿಗೆ ಇಟ್ಟರೆ, ಮೈ ಮೇಲೆ 470 ಮೈಕ್ರೋಫ್ಯಾರಡ್ ಅಂತ ಬರೆದುಕೊಂಡದ್ದು 190 ತೋರಿಸಿತು. ಇಎಸ್‌ಆರ್ 4.8 ಓಮ್. ಹೊಸದರಲ್ಲಿ ಅದು 0.1ರ ಆಸುಪಾಸು. ಮಟ್ಟಸ ತಲೆಯ ಇನ್ನೆರಡನ್ನೂ ತೆಗೆದು ನೋಡಿದೆ, ಒಂದು 1.9 ಓಮ್. ಉಬ್ಬಿದ್ದು ಮಾತ್ರ ಕೆಟ್ಟದ್ದು ಅಂತ ನಂಬಬೇಡಿ.

ಮಂಗಳೂರಿಗೆ ಹೋದವನು ಹಂಪನಕಟ್ಟೆಯ ಹತ್ತಿರದ ಅಂಗಡಿಯಲ್ಲಿ 470 ಮೈಕ್ರೋಫ್ಯಾರಡ್, 16 ವೋಲ್ಟ್, 105 ಡಿಗ್ರಿಯ ಲೋ ಇಎಸ್‌ಆರ್ ಕೆಪಾಸಿಟರ್ ಹತ್ತು ತಂದೆ. ಹಳೆಯವು 10 ವೋಲ್ಟಿನವು. ವೋಲ್ಟ್ ಜಾಸ್ತಿ ಇರುವುದನ್ನು ಹಾಕಬಹುದು, ಆದರೆ ಅದು ಎತ್ತರಕ್ಕೂ ಜಾಸ್ತಿ ಇರುತ್ತದೆ, ಮುಚ್ಚಳ ಮುಚ್ಚುತ್ತದಾ ಅಂತ ಮೊದಲೇ ನೋಡಿಕೊಳ್ಳಿ. ನನಗೆ ಒಂದನ್ನು ಅಡ್ಡ ಮಲಗಿಸಬೇಕಾಯಿತು. ಕೆಪಾಸಿಟರಿನ ಮೈ ಮೇಲಿನ ಪಟ್ಟೆ ನೆಗೆಟಿವ್. ತಿರುಗಿಸಿ ಹಾಕಿದರೆ ಅದೇ ಪಟಾಕಿ. ಅಂಗಡಿಯವರು 85 ಡಿಗ್ರಿಯದನ್ನು ಕೈಗೆ ಕೊಡಲು ನೋಡುತ್ತಾರೆ, ಬೇಡ ಅನ್ನಿ. ಮೂರಕ್ಕೂ ಸೇರಿ ಆದ ಖರ್ಚು ಎರಡು ಚಹಾದ್ದು. ಬಸ್ ಚಾರ್ಜು ಬೇರೆ.

ಇಲ್ಲಿ ಒಂದು ಲೆಕ್ಕ ಹೇಳುತ್ತೇನೆ. ಸಾಧಾರಣ ಕೆಪಾಸಿಟರಿಗೆ 105 ಡಿಗ್ರಿಯಲ್ಲಿ 2,000 ಗಂಟೆ ಆಯುಸ್ಸು ಅಂತ ಕೊಟ್ಟಿರುತ್ತಾರೆ. ಅಂದರೆ ಮೂರು ತಿಂಗಳೂ ಇಲ್ಲ. ಬಿಸಿ 10 ಡಿಗ್ರಿ ಇಳಿದಂತೆ ಆಯುಸ್ಸು ಎರಡು ಪಟ್ಟು ಅಂತ ಒಂದು ಅಂದಾಜಿನ ಸೂತ್ರ ಇದೆ. 65 ಡಿಗ್ರಿಗೆ ಲೆಕ್ಕ ಹಾಕಿದರೆ 32,000 ಗಂಟೆ. ಹಗಲು ರಾತ್ರಿ ಓಡುವ ಸ್ವಿಚ್ಚಿಗೆ ಅದು ಮೂರೂವರೆ ವರ್ಷಕ್ಕೆ ಸ್ವಲ್ಪ ಮೇಲೆ. 55 ಡಿಗ್ರಿಯಾದರೆ ಏಳು ವರ್ಷ ದಾಟುತ್ತದೆ. ಬಾಗಿಲು ಹಾಕಿದ ಕಪಾಟು, ಮೇಲೆ ಕಾದ ಹಂಚು, ಮೂರೂವರೆ ವರ್ಷ. ಲೆಕ್ಕ ಇಷ್ಟು ಸರಿಯಾಗಿ ಕೂತದ್ದು ಕಾಕತಾಳೀಯವೂ ಇರಬಹುದು. ಆದರೂ ಅವತ್ತೇ ಕಪಾಟಿನ ಬಾಗಿಲು ಕಳಚಿದೆ. ಸ್ವಿಚ್ಚನ್ನು ಗೋಡೆಗೆ ನಿಲ್ಲಿಸಿ ಕಟ್ಟಿದೆ, ಪೋರ್ಟುಗಳ ಬಾಯಿ ಕೆಳಕ್ಕೆ. ಧೂಳು ಬಿದ್ದರೆ ಒರೆಸಬಹುದಲ್ವಾ.

ಬೋರ್ಡ್ ಹೊರಗಿದ್ದಾಗಲೇ ಇನ್ನೊಂದು ಹಳೆ ದೂರು ಪರಿಹರಿಸಿದೆ. ಡಿಟಿಪಿ ಮಾಡುವ ಕಂಪ್ಯೂಟರಿನಿಂದ ದೊಡ್ಡ ಫೈಲು ಕಳಿಸಿದರೆ ಆಮೆ ನಡಿಗೆ. ನೆಟ್‌ವರ್ಕಿನ ವೇಗ ಅಳೆಯುವ ಐಪರ್ಫ್ ಓಡಿಸಿದರೆ ಸೆಕೆಂಡಿಗೆ 94 ಮೆಗಾಬಿಟ್. ಗಿಗಾಬಿಟ್ (ಅಂದರೆ 1,000 ಮೆಗಾಬಿಟ್) ಸರಿಯಾಗಿ ಕೂತರೆ 940ರ ಸುಮಾರಿಗೆ ಬರಬೇಕು. 94 ಅಂದರೆ ಲಿಂಕ್ 100ಕ್ಕೆ ಇಳಿದಿದೆ ಅಂತಲೇ ಅರ್ಥ. 100ಕ್ಕೆ ಎರಡು ಜೊತೆ ತಂತಿ ಸಾಕು, ಗಿಗಾಬಿಟ್ಟಿಗೆ ನಾಲ್ಕೂ ಜೊತೆ ಬೇಕು. 100ಕ್ಕೆ ಬೇಡದ ಆ ಎರಡು ಜೊತೆಯಲ್ಲಿ ಒಂದು ಎಳೆ ಸತ್ತರೆ ನೆಟ್‌ವರ್ಕ್ ನಿಲ್ಲುವುದಿಲ್ಲ, ಕುಂಟುತ್ತದೆ. ಪೋರ್ಟಿಗೆ ಟಾರ್ಚ್ ಹಿಡಿದರೆ ಚಿನ್ನದ ಬಣ್ಣದ ಎಂಟು ಪಿನ್ನುಗಳಲ್ಲಿ ಕೊನೆಯದರ ಮೇಲೆ ಹಸಿರು ಕಿಲುಬು. ಐಸೊಪ್ರೊಪೈಲ್ ಆಲ್ಕೋಹಾಲ್, ಹಳೆ ಹಲ್ಲುಜ್ಜುವ ಬ್ರಷ್ಷು, ಐದು ನಿಮಿಷ. ಅದೂ ಸಾಲಲಿಲ್ಲ. ಕೇಬಲ್ಲಿನ ತುದಿ ಕತ್ತರಿಸಿ ಎಳೆಯನ್ನು ಬ್ಲೇಡಿನಿಂದ ಕೆರೆದೆ. ಮೇಲೆ ತಾಮ್ರದ ಬಣ್ಣ, ಒಳಗೆ ಬೆಳ್ಳಗೆ. ಅಲ್ಯೂಮಿನಿಯಂ! ತಾಮ್ರದ ಲೇಪ ಅಷ್ಟೇ. ಮಡಿಸಿದರೆ ಬೇಗ ಮುರಿಯುತ್ತದೆ. ಆ ಕೇಬಲ್ಲನ್ನು ಎಸೆದು ಪೂರ್ತಿ ತಾಮ್ರದ್ದು ಎಳೆದೆ. 938 ಬಂತು.

ಇನ್ನು ಮನೆಯೊಳಗಿನ ಸ್ವಿಚ್ಚಿನ ಕತೆ. ಅದು ಬೇರೆಯೇ. ಅಕ್ಕನ ಮಗ ಬೆಂಗಳೂರಿನ ಕೆಲಸವನ್ನು ಮನೆಯಿಂದಲೇ ಮಾಡುತ್ತಾನೆ. ರಾತ್ರಿ ಅವನು ಲ್ಯಾಪ್‌ಟಾಪ್ ಎತ್ತಿಕೊಂಡು ಮಲಗಲು ಹೋದ ಸ್ವಲ್ಪ ಹೊತ್ತಿಗೆ ಇಡೀ ಮನೆಯ ನೆಟ್ಟು ನಿಲ್ಲುತ್ತಿತ್ತು, ಅಕ್ಕನ ಧಾರಾವಾಹಿ ಸಮೇತ. ಈ ಸಲ ಕೆಪಾಸಿಟರ್ ಅಂತ ಹಾರದೆ, ಒಂದೊಂದೇ ಕೇಬಲ್ ಕಿತ್ತು ನೋಡಿದೆ. ಅಳಿಯನ ಮೇಜಿನ ಕೇಬಲ್ ಕಿತ್ತ ಕ್ಷಣ ಎಲ್ಲ ಸರಿ. ಅಲ್ಲಿ ಲ್ಯಾಪ್‌ಟಾಪ್ ಇಲ್ಲ, ಅದಕ್ಕೆ ಕೇಬಲ್ಲುಗಳನ್ನೆಲ್ಲ ಜೋಡಿಸುವ ಡಾಕ್ ಅನ್ನುವ ಪೆಟ್ಟಿಗೆ ಮಾತ್ರ ಕರೆಂಟಿನಲ್ಲಿ ಕೂತಿತ್ತು.

ಈಥರ್ನೆಟ್ಟಿನಲ್ಲಿ, ಅಂದರೆ ಈ ಕೇಬಲ್ ನೆಟ್‌ವರ್ಕಿನಲ್ಲಿ, ಪಾಜ್ (pause) ಫ್ರೇಮ್ ಅಂತ ಒಂದಿದೆ. ‘ನನ್ನ ಕೈ ತುಂಬಿದೆ, ಸ್ವಲ್ಪ ತಡಿ’ ಅಂತ ಒಂದು ಯಂತ್ರ ಇನ್ನೊಂದಕ್ಕೆ ಹೇಳುವ ಮಾತು. ಲ್ಯಾಪ್‌ಟಾಪ್ ಹೋದ ಮೇಲೆ ಡಾಕಿನ ಬಫರ್, ಅಂದರೆ ಬಂದ ಡೇಟಾ ಸ್ವಲ್ಪ ಹೊತ್ತು ಕೂರುವ ಜಾಗ, ಖಾಲಿ ಮಾಡುವವರಿಲ್ಲ. ಅದು ‘ತಡಿ, ತಡಿ’ ಅನ್ನುತ್ತಲೇ ಇರುತ್ತದೆ. ಕೆಲವು ಅಗ್ಗದ ಸ್ವಿಚ್ಚುಗಳು ಆ ಮಾತು ಕೇಳಿ, ಡಾಕಿಗೆ ಹೋಗಬೇಕಾದ್ದನ್ನೆಲ್ಲ ತಮ್ಮಲ್ಲೇ ಪೇರಿಸಿಕೊಂಡು, ಕೊನೆಗೆ ಉಳಿದವರಿಗೂ ಜಾಗ ಇಲ್ಲದ ಹಾಗೆ ಮಾಡಿಕೊಳ್ಳುತ್ತವೆ. ನಮ್ಮ ಅಗಲ ಕಿರಿದಾದ ರಸ್ತೆಯಲ್ಲಿ ಒಂದು ಲಾರಿ ನಿಂತರೆ ಹಿಂದಿನ ಬಸ್ಸಿನವರೆಲ್ಲ ಕಾದ ಹಾಗೆ. ಸೆಟ್ಟಿಂಗ್ ಬದಲಿಸಬಹುದಾದ ಮ್ಯಾನೇಜ್ಡ್ ಸ್ವಿಚ್ಚಾದರೆ ಫ್ಲೋ ಕಂಟ್ರೋಲ್ (ಈ ‘ತಡಿ’ ಮಾತಿನ ವ್ಯವಸ್ಥೆ) ಆಫ್ ಮಾಡಬಹುದು. ಇದರಲ್ಲಿ ಆ ಸೌಕರ್ಯವೇ ಇಲ್ಲ. ಮೇಜಿನಿಂದ ಏಳುವಾಗ ಡಾಕಿನ ಕರೆಂಟಿನ ಸ್ವಿಚ್ ಒತ್ತಿ ಆಫ್ ಮಾಡಬೇಕು ಅಂತ ಅಳಿಯನಿಗೆ ಹೇಳಿದೆ. ಮೂರು ದಿನ ಒತ್ತಿದ. ನಾಲ್ಕನೆಯ ದಿನದಿಂದ ಅಕ್ಕನೇ ಒತ್ತುತ್ತಾಳೆ.

ಅಕ್ಟೋಬರಿನಲ್ಲಿ ಸಿಡಿಲು. ತುಲಾ ತಿಂಗಳ ಮಳೆ ನಮ್ಮಲ್ಲಿ ಮಧ್ಯಾಹ್ನದ ಮೇಲೆ ಕಟ್ಟಿಕೊಂಡು ಬರುತ್ತದೆ. ಮಧ್ಯಾಹ್ನ 2ರಿಂದ ರಾತ್ರಿ 10ರವರೆಗೆ ಜಾಗ್ರತೆ ಅಂತ ಸರ್ಕಾರದ ಎಚ್ಚರಿಕೆಯೂ ಇರುತ್ತದೆ. ಸಂಜೆ ಐದಕ್ಕೆ ಅಂಗಳದ ಕೆಳಗಿನ ತೆಂಗಿನ ಮರಕ್ಕೆ ಹೊಡೆಯಿತು. ಸುಳಿ ಸುಟ್ಟು ಕಪ್ಪಾಯಿತು. ಅಡಾಪ್ಟರುಗಳ ಪ್ಲಗ್ಗನ್ನೆಲ್ಲ ಭಾವ ಕಿತ್ತಿಟ್ಟಿದ್ದರು. ಆದರೂ ಮನೆಯ ರೌಟರಿನ ಒಂದು ಪೋರ್ಟು, ಆಫೀಸಿನ ಸ್ವಿಚ್ಚಿನ ಒಂದನೇ ಪೋರ್ಟು, ಎರಡೂ ಹೋದವು. ಎರಡರ ಮಧ್ಯೆ ಇದ್ದದ್ದು ಅಂಗಳದ ಮೇಲೆ ಎಳೆದ 40 ಮೀಟರ್ ತಾಮ್ರದ ಕೇಬಲ್. ಅದನ್ನು ಕೀಳಬೇಕು ಅಂತ ಯಾರಿಗೂ ತೋಚಲಿಲ್ಲ.

ಪೋರ್ಟಿನ ಹಿಂದಿನ ಆ ಕಪ್ಪು ಟ್ರಾನ್ಸ್‌ಫಾರ್ಮರುಗಳು 1,500 ವೋಲ್ಟಿನವರೆಗೆ ತಡೆಯುತ್ತವೆ. ಹತ್ತಿರ ಬಿದ್ದ ಸಿಡಿಲಿಗೆ ಅದು ಯಾವ ಲೆಕ್ಕ? ಮೇಲಾಗಿ ಎರಡು ಕಟ್ಟಡ, ಎರಡು ಅರ್ತಿಂಗ್. ಕೆಳಗೆಲ್ಲ ಕೆಂಪುಕಲ್ಲಿನ ಗುಡ್ಡೆ, ಅರ್ತಿಂಗ್ ಚೆನ್ನಾಗಿ ಸಿಗುವ ನೆಲವಲ್ಲ. ಸಿಡಿಲು ಬಿದ್ದಾಗ ಎರಡು ಕಡೆಯ ನೆಲದ ವೋಲ್ಟ್ ಬೇರೆ ಬೇರೆಯಾಗಿ, ಆ ಅಂತರವೆಲ್ಲ ಕೇಬಲ್ಲಿನ ತುದಿಗೆ ಬಂದು ಕೂರುತ್ತದೆ. ಸ್ವಿಚ್ಚಿನ ಉಳಿದ ಏಳು ಪೋರ್ಟು ನಾಲ್ಕು ದಿನ ನಡೆದವು. ಐದನೆಯ ದಿನ ಚಿಪ್ಪಿನ ಮೇಲೆ ಬೆರಳಿಟ್ಟರೆ ಸುಟ್ಟಿತು. ಅದಕ್ಕೆ ನನ್ನಲ್ಲಿ ಮದ್ದಿಲ್ಲ. ನಾನು ಹಾಕಿದ ಮೂರು ಕೆಪಾಸಿಟರ್ ವಾಪಸು ತೆಗೆದುಕೊಂಡೆ.

ಹೊಸ ಸ್ವಿಚ್ ತಂದೆವು, ಮತ್ತೆ ಅಗ್ಗದ್ದೇ. ಲೋಹದ ಮೈಯದು. ದುಬಾರಿಯದಕ್ಕೆ ಭಾವ ಸಿದ್ಧರಿದ್ದರು, ನಾನೇ ಬೇಡ ಅಂದೆ. ಉಳಿದ ದುಡ್ಡಿನಲ್ಲಿ ಫೈಬರ್ ಮೀಡಿಯಾ ಕನ್ವರ್ಟರ್ ಒಂದು ಜೊತೆ ತೆಗೆದುಕೊಂಡೆವು. ತಾಮ್ರದ ಕೇಬಲ್ಲಿನ ಸಂಕೇತವನ್ನು ಬೆಳಕು ಮಾಡಿ ಗಾಜಿನ ಎಳೆಯಲ್ಲಿ ಕಳಿಸುವ, ಆ ಕಡೆ ಮತ್ತೆ ಮೊದಲಿನಂತೆ ಮಾಡುವ ಪೆಟ್ಟಿಗೆಗಳು ಅವು. ಒಂದೇ ಎಳೆಯಲ್ಲಿ ಹೋಗುವುದಕ್ಕೊಂದು ಬೆಳಕು, ಬರುವುದಕ್ಕೊಂದು: 1310 ಮತ್ತು 1550 ನ್ಯಾನೋಮೀಟರ್. ಹಾಗಾಗಿ ಒಂದು ‘ಎ’, ಇನ್ನೊಂದು ‘ಬಿ’ ಬೇಕು. ಎರಡೂ ‘ಎ’ ಬಂದರೆ ಲಿಂಕಿನ ದೀಪವೇ ಹೊತ್ತುವುದಿಲ್ಲ. ಎರಡು ತುದಿಗೂ ಕನೆಕ್ಟರ್ ಕೂರಿಸಿದ 50 ಮೀಟರ್ ಫೈಬರ್ ಡ್ರಾಪ್ ಕೇಬಲ್ ತರಿಸಿದೆ. ಗಾಜಿನ ಎಳೆಯಲ್ಲಿ ಕರೆಂಟು ಹರಿಯುವುದಿಲ್ಲ, ಸಿಡಿಲು ಆ ದಾರಿಯಲ್ಲಿ ಬರುವಂತಿಲ್ಲ.

ಆದರೆ ಕೇಬಲ್ ಬಂದ ಮೇಲೆ ನೋಡಿದರೆ, ಚಪ್ಪಟೆ ಕೇಬಲ್ಲಿನ ಒಂದು ಅಂಚಿಗೆ ಎಳೆದು ಕಟ್ಟಲು ಉಕ್ಕಿನ ತಂತಿ ಇತ್ತು. ಅದನ್ನೂ ಹಾಗೇ ಒಳಗೆ ತಂದರೆ ಸಿಡಿಲಿಗೆ ನಾವೇ ಬಾಗಿಲು ತೆಗೆದ ಹಾಗೆ. ಎರಡು ಕಡೆಯೂ ಗೋಡೆಯ ಹೊರಗೇ, ಕೊಂಡಿಗೆ ಕಟ್ಟಿ, ಅಲ್ಲಿಂದ ಮುಂದೆ ಉಕ್ಕಿನ ಎಳೆಯನ್ನು ಸೀಳಿ ಕತ್ತರಿಸಿದೆ. ಒಳಗೆ ಬಂದದ್ದು ಗಾಜಿನ ಎಳೆ, ಅದರ ಪ್ಲಾಸ್ಟಿಕ್ ಕವಚ ಅಷ್ಟೇ. ಅಳಿಲಿನ ಹಲ್ಲಿಗೆ ಹೆದರಿ ಸೂರಿನ ಹತ್ತಿರ ಪಿವಿಸಿ ಪೈಪಿನೊಳಗೆ ತೂರಿಸಿದೆ. ತಿರುವಿನಲ್ಲಿ ಪೈಪಿನ ಎಲ್ಬೋ ಹಾಕಲಿಲ್ಲ. ಫೈಬರನ್ನು ಅಷ್ಟು ಚೂಪಾಗಿ ಬಗ್ಗಿಸಿದರೆ ಬೆಳಕು ಸೋರುತ್ತದೆ. ಬಕೆಟ್ಟಿನ ಬಾಯಿಯಷ್ಟು ಅಗಲಕ್ಕೆ ಸುತ್ತಿ ತಿರುಗಿಸಿದೆ.

ಈಗ ತುಲಾ ತಿಂಗಳು ಕಳೆದಿದೆ. ಆಮೇಲೆಯೂ ಎರಡು ಸಲ ಗುಡ್ಡೆಯ ಮೇಲೆ ಸಿಡಿಲು ಬಿತ್ತು, ಏನೂ ಹೋಗಲಿಲ್ಲ. ಹೊಸ ಸ್ವಿಚ್ಚಿನ ಅಡಾಪ್ಟರನ್ನು ಹೊರೆಯಲ್ಲಿ ಅಳೆದು, 5.1 ಅಂತ ತಾರೀಕಿನ ಸಮೇತ ಅದರ ಬೆನ್ನ ಮೇಲೇ ಬರೆದಿದ್ದೇನೆ. ಆರು ತಿಂಗಳಿಗೊಮ್ಮೆ ಅಳೆಯುವ ವಿಚಾರ ಇದೆ. ಆರನೇ ಪೋರ್ಟಿನ ಕಂಪ್ಯೂಟರ್ ಮಾತ್ರ ಜೋರು ಮಳೆಯ ದಿನ ಈಗಲೂ 100ಕ್ಕೆ ಇಳಿಯುತ್ತದೆ. ಅದರ ಕೇಬಲ್ಲು ಸೋರುವ ಗೋಡೆಯ ಒಂದು ಬಾಕ್ಸಿನೊಳಗೆ ಜೋಡಿಸಿದ್ದು. ಆ ಬಾಕ್ಸಿನ ಮುಂದೆ ಈಗ ಅಡಿಕೆ ಚೀಲಗಳನ್ನು ಪೇರಿಸಿಟ್ಟಿದ್ದಾರೆ. ಅಡಿಕೆ ಮಾರಿದ ಮೇಲೆ ಬಿಚ್ಚಿ ನೋಡಬೇಕು.